ಕೊನೆಯ ಭೇಟಿಯಲ್ಲಿ ಕಂಡದ್ದು

ಮುಂದಿನ ಸೀಟಿನ ಕಂಬಿ ಹಿಡಿದ ಕೈ, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಆ ಕೈಯ ಬಳೆಗಳು ಕಂಬಿಗೆ ಬಡಿದು ಸದ್ದು ಮಾಡುತ್ತವೆ, ಹಸಿರು ಗಾಜಿನ ಬಳೆ, ಕೈತುಂಬ, ಹೊಸದಾಗಿ ಮದುವೆಯಾದ ಹುಡುಗಿ ಇರಬೇಕು, ಉಗುರಿನ ತುದಿಯಲ್ಲಿ ಮೆಹಂದಿಯ ಕೆಂಪು ಇನ್ನೂ ಹೋಗಿಲ್ಲ — ಭಾಮಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಪುಣೆಯ ಯೆರವಡಾ ದಾಟಿತು, ನಗರ ರೋಡಿನ ದೂಳು, ಅಗೆದು ಬಿಟ್ಟ ಫುಟ್‌ಪಾತು, ಶಿರೂರಿನ ಎಸ್ಟಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಪಕ್ಕದಿಂದ ನುಗ್ಗಿ ಹೋಯಿತು, ಆದರೂ ಕಿವಿಯಲ್ಲಿ ಉಳಿದದ್ದು ಬಳೆಯ ಸದ್ದೇ. ಹನ್ನೊಂದು ದಿನದಿಂದ ಹೀಗೆ, ಎಲ್ಲಿ ಹಸಿರು ಬಳೆ ಕಂಡರೂ ಮುಖ ತಾನಾಗಿ ಬೇರೆ ಕಡೆ ತಿರುಗುತ್ತದೆ, ದುಃಖ ಇರಬೇಕು ಅಂದುಕೊಂಡಳು, ದುಃಖಕ್ಕೆ ಹೀಗೆ ಆಗುತ್ತದೆಯೇ, ಆಗುತ್ತದೆ, ಯಾಕಾಗಬಾರದು. ತೊಡೆಯ ಮೇಲೆ ಚೀಲ, ಚೀಲದಲ್ಲಿ ನೀಲಿ ಫೈಲು, ಫೈಲಿನಲ್ಲಿ ಎರಡು ವರ್ಷದ ಮಂಗಳವಾರಗಳು, ಮೇಲುಗಡೆ ಒಂದು ಹೊಸ ಹಾಳೆ. ನಾಗವ್ವ, ವಯಸ್ಸು ಅರವತ್ತನಾಲ್ಕು, ವಿಧವೆ, ಕಾಯಿಲೆ ಖಿನ್ನತೆ, ವಿಳಾಸ ಖರಾಡಿಯ ತಗಡಿನ ಪತ್ರಾ ಶೆಡ್ಡು. ಸತ್ತವಳ ಫೈಲು ಮುಚ್ಚಬೇಕು, ಮುಚ್ಚುವುದಕ್ಕೂ ಒಂದು ಫಾರಂ, ಮನೋರೋಗಿಗಳ ಮನೆಮನೆಗೆ ಹೋಗಿ ಗುಳಿಗೆ ಕೊಡುವ ಈ ಸಂಸ್ಥೆಯಲ್ಲಿ ಫಾರಂ ಇಲ್ಲದೆ ಯಾರೂ ಸಾಯುವ ಹಾಗಿಲ್ಲ. ಮುಪ್ಪು, ಅಶಕ್ತತೆ ಅಂತ ಬರೀರಿ ತಾಈ, ಮಗನ ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ, ಶುಕ್ರವಾರ ದೇಣಿಗೆ ಕೊಡುವವರು ಫೈಲು ನೋಡಲು ಬರುತ್ತಾರೆ — ಮೇಲ್ವಿಚಾರಕ ಮಧುಕರ ಮರಾಠಿಯಲ್ಲಿ ಹೇಳಿ ಚಹಾ ಹೀರಿದ, ಅವನು ಏನು ಹೇಳಿದರೂ ಕೊನೆಗೆ ಚಹಾ ಹೀರುತ್ತಾನೆ. ಬರೆಯುತ್ತಿದ್ದಳು, ನಿನ್ನೆಯೇ ಬರೆದು ಮುಗಿಸುತ್ತಿದ್ದಳು, ಆದರೆ ಹಾಳೆಯ ನಡುವೆ ಒಂದು ಸಾಲು ಇದೆ, ಕೊನೆಯ ಭೇಟಿಯಲ್ಲಿ ಕಂಡದ್ದು, ಅದರ ಕೆಳಗೆ ಮೂರು ಖಾಲಿ ಗೆರೆ. ಏನು ಕಂಡೆ? ವಾರ ತಪ್ಪದೆ ಹೋಗಿದ್ದೇನೆ, ಜ್ವರ ಬಂದಾಗಲೂ ಹೋಗಿದ್ದೇನೆ, ಎದುರಿಗೆ ಕೂತು ಗುಳಿಗೆ ನುಂಗಿಸಿ ಬಾಯಿ ತೆಗೆಸಿ ನೋಡಿದ್ದೇನೆ, ಹಾಗಿದ್ದ ಮೇಲೆ ಆ ಹೆಂಗಸು ನನ್ನ ಕಣ್ಣೆದುರೇ ಹೇಗೆ ಒಣಗಿ ಸತ್ತಳು. ಆಸ್ಪತ್ರೆಯಲ್ಲಿ ತೂಕ ಮಾಡಿದಾಗ ಇಪ್ಪತ್ತೆಂಟು ಕಿಲೋ ಇದ್ದಳಂತೆ. ನನ್ನದೇನೂ ತಪ್ಪಿಲ್ಲ ಎಂದು ಯಾರಾದರೂ ಹೇಳಬೇಕಿತ್ತು, ಮಧುಕರ ಹೇಳಿದ್ದ, ಆದರೆ ಮಧುಕರ ಎಲ್ಲರಿಗೂ ಹಾಗೆಯೇ ಹೇಳುತ್ತಾನೆ.

ಹುಡುಗಿ ಕೈ ಬದಲಿಸಿದಳು, ಈಗ ಬಳೆ ಇನ್ನೂ ಹತ್ತಿರ. ಕಾನಡೀ ತಾಈ, ಕನ್ನಡದ ಅಕ್ಕ, ಎಂದು ಹೆಸರಿಟ್ಟವರೂ ಸಂಸ್ಥೆಯವರೇ, ಆ ಹೆಸರಿಗೆ ಉಬ್ಬಿಹೋದವಳೂ ತಾನೇ, ಎಂಥ ಮಜಾ, ಶಾಲೆಯಲ್ಲಿ ಅದೇ ಮಾತು ಕೇಳಿ ಅತ್ತುಕೊಂಡು ಮನೆಗೆ ಬರುತ್ತಿದ್ದಳು, ಅಪ್ಪ ಇಂಡಿಯಿಂದ ಗುಮಾಸ್ತಿಕೆಗೆಂದು ಪುಣೆಗೆ ಬಂದವನು, ಹೊರಗ ಮರಾಠಿನ ಮಾತಾಡ್ರಿ, ಕನ್ನಡ ಮನಿಯೊಳಗಿರಲಿ ಅನ್ನುತ್ತಿದ್ದ, ಮನೆಯೊಳಗೂ ನಿಧಾನಕ್ಕೆ ಅದು ಅಡುಗೆಮನೆಗೆ ಸರಿದು, ಅವ್ವನ ಜೊತೆ ಹೋಗಿಯೇಬಿಟ್ಟಿತು. ಆಮೇಲೆ ಖರಾಡಿಯಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದವು, ಕಟ್ಟುವ ಕೈಗಳು ಯಾದಗಿರಿ ಕಡೆಯಿಂದ ಬಂದವು, ಕೈಗಳ ಜೊತೆ ಮುದುಕರೂ ಬಂದರು, ಮುದುಕರಿಗೆ ಹುಚ್ಚು ಹಿಡಿದರೆ ಯಾವ ಭಾಷೆಯಲ್ಲಿ ಹಿಡಿಯುತ್ತದೆ ಎಂದು ಸಂಸ್ಥೆಯವರಿಗೆ ಒಂದು ದಿನ ಹೊಳೆಯಿತು, ಭಾಮಾತಾಈ, ನಿಮಗೆ ಅವರ ಮಾತು ಬರುತ್ತದಲ್ಲ? ಬರುತ್ತದೆ, ಅಂದಳು. ಅವರ ರೀತಿನೀತಿ ಗೊತ್ತಿದೆಯಲ್ಲ? ನಮ್ಮವರೇ ಅವರು, ಅಂದಳು, ನಮ್ಮವರು ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಂದ ಜಾರಿತು, ಆ ಶೆಡ್ಡಿನ ಒಳಗೆ ಹೆಜ್ಜೆ ಇಡುವ ಮೊದಲು ಚಪ್ಪಲಿ ಎಲ್ಲಿ ಬಿಡಲಿ ಎಂದು ತಡವರಿಸಿದವಳು. ಸೂಟಿಯಲ್ಲಿ ಅಜ್ಜಿಯ ಊರಿಗೆ ಹೋಗಿದ್ದು ನಾಲ್ಕು ಸಲವೋ ಐದು ಸಲವೋ, ಅಷ್ಟೇ ಬಂಡವಾಳ. ಅಷ್ಟರ ಮೇಲೆ ಆರು ವರ್ಷ ಅಂಗಡಿ ನಡೆಸಿದಳು.

ಚೂಡಿದಾರದ ಮೇಲೆ ಬೆವರು, ವಿಮಾನ ನಗರದ ತಿರುವಿನಲ್ಲಿ ಬಸ್ಸು ನಿಂತೇಬಿಟ್ಟಿತು, ಎಂಜಿನ್ನಿನ ಬಿಸಿ ಕಾಲಿಗೆ. ಮೊದಲ ಮಂಗಳವಾರವೂ ಇಂಥದೇ ಸೆಕೆ, ನಾಗವ್ವ ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ತಗಡಿನ ಗೋಡೆ, ಸಾಬವ್ವ ಬಂದು ಚಾಪೆ ಹಾಸಿದಳು, ಸೊಸೆ, ಸಿಮೆಂಟು ಹತ್ತಿದ ಪಾದ, ಬರ್ರಿ ಅಕ್ಕಾರ ಕುಂದರ್ರಿ, ನಮ್ಮತ್ತಿ ಮಾತ ಬಿಟ್ಟಾಳ್ರಿ, ಮಾವ ಹ್ವಾದಾಗಿಂದ. ಮಾವ ಅವ್ವಣ್ಣ, ಗಂಡ ಹೆಂಡತಿ ಒಂದೇ ಕಟ್ಟಡದಲ್ಲಿ ಕೆಲಸಕ್ಕಿದ್ದರು, ಅವನು ಆರನೆಯ ಮಹಡಿಯ ಪರಾಂಚಿ ಅಟ್ಟಣಿಗೆಯ ಮೇಲೆ, ಇವಳು ಕೆಳಗೆ ಉಸುಕಿನ ಬುಟ್ಟಿ ಹೊರುತ್ತ, ಅವನು ಬಿದ್ದದ್ದು ಇವಳ ಮುಂದೆ, ಬುಟ್ಟಿ ತಲೆಯ ಮೇಲೆ ಹಾಗೆಯೇ ಇತ್ತಂತೆ, ಯಾರೋ ಬಂದು ಇಳಿಸಿದರಂತೆ. ಬಳೆಯ ವಿಷಯವನ್ನೂ ಅವತ್ತೇ ಸಾಬವ್ವ ಹೇಳಿದ್ದು, ಉಸುಕಿನಾಗ ಒಡೀತಾವಂತ ಮುಂಜಾನಿ ನಾಕೂ ಬಳಿ ತಗದು ಸೆರಗಿನ ಗಂಟಿಗೆ ಕಟ್ಟಿದ್ಳರಿ, ಸಂಜಿಕ ಬಳಿ ಒಡೀಲಾಕ ಬಂದವರಿಗಿ ಬರೇ ಕೈ ಸಿಕ್ತು. ಗಂಡನೊಡನೆ ಹೋಗಬೇಕಾದ ಬಳೆ ಹಾಗೆ ಉಳಿದುಕೊಂಡವು, ಎಷ್ಟು ಚೆಂದದ ವಿವರ, ಭಾಮಾ ಅಂದೇ ಬರೆದುಕೊಂಡಿದ್ದಳು, ಅಂಚಿನಲ್ಲಿ ನಕ್ಷತ್ರದ ಗುರುತು ಹಾಕಿ. ಗುಳಿಗೆ ಶುರುವಾಯಿತು, ನಾಗವ್ವ ಗೋಡೆ ಬಿಟ್ಟು ಬಾಗಿಲ ಕಡೆ ತಿರುಗಿ ಕೂತಳು, ನೀರು ತಂದಳು, ಕಸ ಹೊಡೆದಳು, ಸುಧಾರಣೆ ಎಂದು ಬರೆದಳು ಭಾಮಾ, ಸುಧಾರಣೆ, ಮುಂದಿನ ವಾರವೂ ಸುಧಾರಣೆ. ಒಂದು ಮಂಗಳವಾರ ಹೋದಾಗ ಎಡೆ ಇಟ್ಟುಕೊಂಡು ಕೂತಿದ್ದಳು, ನೆಲ ಸಾರಿಸಿ, ಸ್ಟೀಲಿನ ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ, ಚೊಂಬಿನಲ್ಲಿ ನೀರು, ಪಕ್ಕಕ್ಕೆ ಮಡಿಸಿದ ಹಸಿರು ಸೀರೆ, ಸೀರೆಯ ಮೇಲೆ ಸಾಲಾಗಿ ನಾಲ್ಕು ಬಳೆ, ಊದುಬತ್ತಿ. ಯಾರಿಗಿದು ಅಂತ ಕೇಳಲಿಲ್ಲ. ಕೇಳುವುದೇನು, ಗೊತ್ತಿಲ್ಲವೇ, ಹಿರಿಯರಿಗೆ ಎಡೆ, ಸತ್ತ ಗಂಡನಿಗೆ, ಒಡೆಯದೆ ಉಳಿದ ಬಳೆಯನ್ನು ಅವನಿಗೇ ಒಪ್ಪಿಸುತ್ತಿದ್ದಾಳೆ, ಅವಳ ಕಣ್ಣು ತುಂಬಿ ಬಂದಿತ್ತು, ಭಾಮಾಳದು, ನಾಗವ್ವನದಲ್ಲ, ನಾಗವ್ವ ತಟ್ಟೆಯನ್ನೇ ನೋಡುತ್ತಿದ್ದಳು. ಹನ್ನೆರಡು ನಲವತ್ತರ ಬಸ್ಸು, ಇನ್ನೂ ಐದು ಮನೆ ಬಾಕಿ, ಎದ್ದು ಬಂದಳು.

ಮಂಗಳವಾರ ಹೋದಾಗಲೆಲ್ಲ ಅದೇ ಎಡೆ, ಅದನ್ನು ಗುರುವಾರದ ಸಭೆಯಲ್ಲಿ ಹೇಳಿದಳು, ಉದ್ದ ಮೇಜು, ಡಾಕ್ಟರು ಚಷ್ಮಾ ಒರೆಸಿಕೊಳ್ಳುತ್ತ ಕೇಳಿದರು, ಮೊದಲು ಸತ್ತವರ ಜೊತೆ ಮಾತಾಡುತ್ತಾಳೆಯೇ ಅಂತ, ಆಮೇಲೆ ಕೇಳಿದರು, ರೋಜ? ದಿನಾಲೂ ಇಡುತ್ತಾಳೆಯೇ? ಆ ಡಾಕ್ಟರು ಏನೂ ದಡ್ಡರಲ್ಲ, ಅವರಿಗೆ ಅಲ್ಲೊಂದು ಎಳೆ ಸಿಕ್ಕಿತ್ತು, ದಿನಾಲೂ ಯಾಕೆ ಎಂಬ ಎಳೆ. ಗೊತ್ತಿಲ್ಲ ಅನ್ನಬಹುದಿತ್ತು. ಮೂರೇ ಅಕ್ಷರ, ನನಗೆ ಗೊತ್ತಿಲ್ಲ ಡಾಕ್ಟರ್, ಕೇಳಿಕೊಂಡು ಬರುತ್ತೇನೆ, ಅಂದಿದ್ದರೆ ನಾಲಿಗೆ ಬಿದ್ದುಹೋಗುತ್ತಿತ್ತೇ. ಎಲ್ಲರೂ ಅವಳ ಮುಖ ನೋಡುತ್ತಿದ್ದರು, ಕಾನಡೀ ತಾಈ ಏನನ್ನುತ್ತಾಳೆ ಎಂದು, ಹೌದು ಸರ್, ನಮ್ಮ ಕಡೆ ಹೊಸದರಲ್ಲಿ ದಿನಾ ಇಡುತ್ತಾರೆ, ಪದ್ಧತಿ, ಆಮೇಲೆ ಆ ಅನ್ನವನ್ನು ಮನೆಯವರೇ ಉಣ್ಣುತ್ತಾರೆ, ಪ್ರಸಾದದ ಹಾಗೆ. ಎಲ್ಲಿಂದ ಬಂತು ಆ ಮಾತು, ಯಾವ ಊರಿನ ಪದ್ಧತಿ ಅದು, ಅಮಾವಾಸ್ಯೆಗೆ ಇಡುತ್ತಾರೆ, ವರ್ಷಕ್ಕೊಮ್ಮೆ ಇಡುತ್ತಾರೆ, ದಿನಾ ಯಾರು ಇಡುತ್ತಾರೆ. ಛಾನ, ಚೆನ್ನಾಗಿದೆ, ಅಂದರು ಡಾಕ್ಟರು, ಇದು ರೋಗವಲ್ಲ, ಸಂಸ್ಕೃತಿ, ಎಂದು ಬರೆಯಲು ಹೇಳಿದರು. ಬರೆದಳು, ದುಂಡು ಅಕ್ಷರದಲ್ಲಿ.

ಬಸ್ಸು ಹೊರಟಿತು, ಎಡಗಡೆ ಅದೇ ಹೋಟೆಲು, ಗಾಜಿನ ಬಾಗಿಲು, ಬಾಗಿಲಲ್ಲಿ ರುಮಾಲು ಸುತ್ತಿದ ಕಾವಲುಗಾರ, ನೋಡಬೇಡ. ನೋಡಿದಳು. ಅಲ್ಲಿ ತರಬೇತಿ ಶಿಬಿರ ಮಾಡಿದ್ದರು, ಬೇರೆ ಊರಿನ ಕಾರ್ಯಕರ್ತರೆಲ್ಲ ಬಂದಿದ್ದರು, ಭಾಮಾತಾಈಯವರ ಹತ್ತು ನಿಮಿಷ, ಗೋಡೆಯ ಮೇಲೆ ದೊಡ್ಡದಾಗಿ ಬಿದ್ದಿತ್ತು ಆ ಫೋಟೊ, ಸಂಸ್ಥೆಯ ಕ್ಯಾಮೆರಾದಲ್ಲಿ ತಾನೇ ತೆಗೆದದ್ದು, ತಟ್ಟೆ, ರೊಟ್ಟಿ, ಸೀರೆ, ನಾಲ್ಕು ಬಳೆ ಬಂಡಿಯ ಚಕ್ರದಷ್ಟು ಗಾತ್ರಕ್ಕೆ ಬೆಳೆದು ಹೊಳೆಯುತ್ತಿದ್ದವು, ಮೇಲುಗಡೆ ಮಧುಕರ ಬರೆಸಿದ ಶೀರ್ಷಿಕೆ, ದುಃಖಕ್ಕೂ ಒಂದು ಪದ್ಧತಿ. ಅವಳು ವಿವರಿಸಿದಳು, ದನಿ ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿದಳು, ಗಂಡ ತೊಡಿಸಿದ ಬಳೆಯನ್ನು ಗಂಡನಿಗೇ, ಚಪ್ಪಾಳೆ ಬಿತ್ತು, ಒಬ್ಬಳು ಮೂಗು ಒರೆಸಿಕೊಂಡಳು, ಆಮೇಲೆ ಸಮೋಸ, ಗುಲಾಬಿ ಜಾಮೂನು. ಜಾಮೂನು ತಿನ್ನುವಾಗ ಬಲಗೈಯ ಹಿಂಬದಿ ಸುಮ್ಮನೆ ಚುರುಗುಟ್ಟಿತ್ತು, ಅಜ್ಜಿ ಶಿವಬಸವ್ವ ಯಾವತ್ತೋ ಹೊಡೆದ ಏಟು ನೆನಪಾಗಿ, ಯಾಕೆ ಹೊಡೆದಿದ್ದಳು ಎಂಬುದು ಮಾತ್ರ ಹೊಳೆಯಲಿಲ್ಲ, ಸಾರಿಸಿದ ನೆಲದ ವಾಸನೆ, ಊದುಬತ್ತಿ, ಫಟ್ಟೆಂದು ಏಟು, ಅಷ್ಟೇ, ಇನ್ನೊಂದು ಜಾಮೂನು ಹಾಕಿಸಿಕೊಂಡಿದ್ದಳು. ಅದೇ ತಿಂಗಳು ಸಾಬವ್ವ ಅಂದದ್ದು, ಅಕ್ಕಾರ, ಅತ್ತಿ ಉಣವಲ್ಲಳ್ರಿ, ಕುಪ್ಪಸ ಜೋತಾಡ್ಲಾಕತ್ತಾವ. ನೀ ಕೆಲಸಕ್ಕ ಹೋಗಿರ್ತಿ, ನಿನಗೆಂಗ ಗೊತ್ತಾಗ್ತದ, ಎಡಿ ಎತ್ತಿದ ಮ್ಯಾಲ ಉಣ್ತಾಳ, ಅದು ಪದ್ಧತಿ ಅಲ್ಲೇನು, ತಟ್ಟಿ ಖಾಲಿ ಇರ್ತದೋ ಇಲ್ಲೋ? ಖಾಲಿ ಇರ್ತದ್ರಿ, ತೊಳದ ಇಟ್ಟಿರ್ತಾಳ. ಮತ್ತ? ಅಂದಿದ್ದಳು ಭಾಮಾ, ಹುಬ್ಬು ಏರಿಸಿ, ಮಧುಕರನ ಹಾಗೆ. ಸಾಬವ್ವ ಮತ್ತೇನೋ ಹೇಳಲು ಬಾಯಿ ತೆಗೆದು, ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ಹೊರಟಳು. ಎರಡು ವರ್ಷದಲ್ಲಿ ಒಂದು ಸಲವೂ, ಒಂದೇ ಒಂದು ಸಲವೂ, ಆ ಎಡೆ ಎತ್ತುವ ತನಕ ತಾನು ಅಲ್ಲಿ ಕೂತಿರಲಿಲ್ಲ. ಒಂದು ಮನೆಗೆ ಇಪ್ಪತ್ತು ನಿಮಿಷ ಎಂದು ಫಾರಂನಲ್ಲೇ ಅಚ್ಚಾಗಿದೆ.

ಚಂದನ ನಗರ ದಾಟಿ ಇಳಿದಳು, ಬಳೆಯ ಹುಡುಗಿಯೂ ಇಳಿದು ಗಂಡನ ಸ್ಕೂಟರಿನ ಹಿಂದೆ ಕೂತು ಹೋದಳು, ಹೋಗಲಿ. ಕಂಪೌಂಡಿನ ಪಕ್ಕದ ಕಾಲುದಾರಿ, ಎತ್ತರದ ಕಟ್ಟಡದ ನೆರಳು ಶೆಡ್ಡುಗಳ ಮೇಲೆ ಅಡ್ಡಡ್ಡ ಬಿದ್ದಿದೆ, ಅವ್ವಣ್ಣ ಬಿದ್ದ ಕಟ್ಟಡ ಇದೇ, ಈಗ ನೀಲಿ ಗಾಜು, ಕುತ್ತಿಗೆಗೆ ಗುರುತಿನ ಚೀಟಿ ನೇತು ಹಾಕಿಕೊಂಡವರು ಒಳಗೆ ಹೋಗುತ್ತಿದ್ದಾರೆ. ಶೆಡ್ಡಿನ ಮುಂದೆ ಅಂಬಾದಾಸ ಕೂತಿದ್ದ, ತಲೆ ಬೋಳಿಸಿಕೊಂಡು ಗುರುತೇ ಸಿಗದ ಹಾಗೆ, ಬರ್ರಿ ಅಕ್ಕಾರ, ಅವ್ವನ ದಿವಸ ಇವತ್ತ, ಛಲೋ ಆತು ಬಂದದ್ದು, ಊರಿಗಿ ಹೋಗಿ ಮಾಡ್ಬೇಕಿತ್ತು, ಮುಕಾದಮ ಅರ್ಧ ದಿನಾನೂ ಬಿಡೂದಿಲ್ಲಂದ. ಫಾರಂ ತೆಗೆದಳು, ಹೇಗೆ ಹೇಳುವುದು, ಅಂಬಾದಾಸ, ಒಂದು ಕಾಗದ ಅದ. ಅವನು ಏನು ಕಾಗದ ಎಂದು ಕೇಳಲಿಲ್ಲ, ಎಲ್ಲಿ ಒತ್ತಲ್ರಿ ಅಂದ, ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಹಾಳೆಯ ಬುಡಕ್ಕೆ ಒತ್ತಿ, ಲುಂಗಿಗೆ ಒರೆಸಿಕೊಂಡ. ಮೂರು ಗೆರೆ ಇನ್ನೂ ಖಾಲಿ ಇವೆ, ಕೆಳಗೆ ನೀಲಿ ಹೆಬ್ಬೆಟ್ಟು, ಇನ್ನು ಏನು ಬೇಕಾದರೂ ತುಂಬಬಹುದು, ಮುಪ್ಪು ಅನ್ನಬಹುದು, ಅಶಕ್ತತೆ ಅನ್ನಬಹುದು, ಇವನು ಓದುವವನಲ್ಲ, ಓದಿದರೂ ಜಗಳಕ್ಕೆ ಬರುವವನಲ್ಲ. ಹೊರಡುತ್ತೇನೆ ಅಂದಳು. ಉಂಡು ಹೋಗ್ರಿ ಅಕ್ಕಾರ, ಒಳಗಿನಿಂದ ಸಾಬವ್ವ, ಎಡಿ ಇಡ್ಲಾಕತ್ತೀನಿ, ಎಡಿ ಎತ್ತೂ ತನಕ ಬಂದವರು ಎದ್ದು ಹೋಗಬಾರ್ದು.

ಚಪ್ಪಲಿ ಬಿಟ್ಟು ಒಳಗೆ ಹೋದಳು, ಕೂತಳು, ಸಾರಿಸಿದ ನೆಲ ಇನ್ನೂ ತೇವ, ಸಾಬವ್ವ ಸ್ಟೀಲಿನ ತಟ್ಟೆ ಇಟ್ಟಳು, ಎರಡು ರೊಟ್ಟಿ, ಪುಂಡಿಪಲ್ಯ, ಇವತ್ತು ಗೋಧಿ ಹುಗ್ಗಿಯೂ ಇದೆ, ಚೊಂಬು, ಊದುಬತ್ತಿ, ಪೆಟ್ಟಿಗೆ ತೆರೆದು ಹಸಿರು ಸೀರೆ ತೆಗೆದು ಮಡಿಕೆ ಸರಿಮಾಡಿ ತಟ್ಟೆಯ ಪಕ್ಕಕ್ಕಿಟ್ಟಳು, ಸೀರೆಯ ಮೇಲೆ ಒಂದೊಂದಾಗಿ, ಒಂದು, ಎರಡು, ಮೂರು, ನಾಲ್ಕು. ಅದೇ ಜಾಗ, ಅದೇ ಸಾಲು, ಗೋಡೆಯ ಮೇಲೆ ಬಿದ್ದಿದ್ದ ಫೋಟೊ ಕೆಳಗಿಳಿದು ಬಂದು ಕೂತ ಹಾಗೆ. ಇವನ್ಯಾಕ ಇಟ್ಟಿ ಸಾಬವ್ವ — ತನ್ನ ದನಿಯೇ ತನಗೆ ಬೇರೆಯಾಗಿ ಕೇಳಿತು — ಇವು ಅವ್ವಣ್ಣಗ ಇಡೂವಲ್ಲೇನು? ಸಾಬವ್ವ ತಿರುಗಿ ನೋಡಿದಳು, ಮಾವಗ? ಮಾವಗ ಇಟ್ರ ಧೋತ್ರ ರುಮಾಲ ಇಡ್ತಾರ ಅಕ್ಕಾರ, ಗಂಡಸರಿಗಿ ಸೀರಿ ಬಳಿ ಯಾರ ಇಡ್ತಾರ. ಇದು ಅತ್ತಿದು, ತನಗ ತಾನ ಇಟ್ಕೋತಿದ್ಳು. ಹ್ವಾದ ಶ್ರಾವಣದಾಗ ಒಂದಿನ ಕೆಲಸಕ್ಕ ಹೋಗಿದ್ದಿಲ್ಲ ನಾ, ಕೇಳ್ದೆ, ಯಾರಿಗಿ ಅತ್ತಿ ಇದು ದಿನಾ ಎಡಿ ಅಂತ, ನನಗ, ಅಂದ್ಳು. ಅವತ್ತ ಮ್ಯಾಲಿಂದ ಬಿದ್ದಾಕಿ ನಾನು, ನಿಮ್ಮಾವ ಕೆಲಸಕ್ಕ ಹೋಗ್ಯಾನ, ಸಂಜಿಕ ಬರ್ತಾನ, ಮುತ್ತೈದಿಯಾಗಿ ಹ್ವಾದೆ, ನನಗ ಬಳಿ ಇಡವ್ವ ಅಂದ್ಳು. ಉಣ್ಣು ಅಂದ್ರ, ಸತ್ತಾಕಿ ಉಣ್ತಾಳೇನು ಅಂತ ನಕ್ಕು, ತಟ್ಟಿ ಒಯ್ದು ಹಿಂದ ಕಾಗಿಗಿ ನಾಯಿಗಿ ಹಾಕಿ, ತೊಳದು ತಂದಿಟ್ಳು. ಕೈ ಹಿಡದು ಬಾಯಿಗಿ ತುತ್ತು ಇಟ್ಟೀನ್ರಿ, ಇವರೂ ಇಟ್ರು, ಹಲ್ಲ ಕಚ್ತಿದ್ಳು, ಊರಾಗಿನ ದೇವರ ಹೆಸರು ಹೇಳಿ ಬೈದ್ರ ರಾತ್ರಿ ಎರಡು ತುತ್ತು, ಅಷ್ಟ. ಯಾಕೆ ಹೇಳಲಿಲ್ಲ ನನಗೆ, ಯಾಕ ಹೇಳಲಿಲ್ಲ, ಅಂದಳು ಭಾಮಾ. ಹೇಳ್ಬೇಕಂತ ಮಾಡಿದ್ದೆ ಅಕ್ಕಾರ, ನೀವು ಬಂದಾಗ ಬಾಯಿ ತಗದೆ, ಉಣವಲ್ಲಳು ಅನ್ನೂದ್ರಾಗ ಪದ್ಧತಿ ಅಂದ್ರಿ, ಓದಿದವರು, ದವಾಖಾನಿ ಮಂದಿ, ನಮಗಿಂತ ನಿಮಗ ಛಲೋ ತಿಳೀತದ ಅಂತ ಸುಮ್ನಾದೆ. ಸಾಬವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಅವಳು ಸೆರಗು ಸರಿ ಮಾಡಿಕೊಂಡು ಎಡೆಗೆ ಕೈಮುಗಿದಳು.

ಕೈಯ ಹಿಂಬದಿ ಚುರುಗುಟ್ಟಿತು, ಈಗ ಪೂರ್ತಿ ಬಂತು, ಯಾವುದೂ ಬಿಡದೆ, ಅಜ್ಜಿಯ ಪಡಸಾಲೆ, ಅಲ್ಲಿ ಒಂದಲ್ಲ ಎರಡು ಎಡೆ, ಅಜ್ಜನದರ ಪಕ್ಕ ಧೋತರ, ರುಮಾಲು, ಎಲೆಯಡಿಕೆಯ ಚಂಚಿ, ಇನ್ನೊಂದು ಅಜ್ಜನ ಮೊದಲ ಹೆಂಡತಿಯದು, ಮುತ್ತೈದೆಯಾಗಿ ಸತ್ತವಳದು, ಹಸಿರು ಸೀರೆ, ಸೀರೆಯ ಮೇಲೆ ಹಸಿರು ಬಳೆ, ಆರು ವರ್ಷದ ಹುಡುಗಿ ತನಗೆ ಬೇಕು ಎಂದು ಕೈ ಹಾಕಿದ್ದಳು, ಫಟ್ಟೆಂದು ಏಟು, ಬಿಡು, ಮುಟ್ಟಬ್ಯಾಡ, ಅವು ಸತ್ತಾಕಿವು. ಗೊತ್ತಿತ್ತು. ಆರನೆಯ ವಯಸ್ಸಿನಿಂದ ಗೊತ್ತಿತ್ತು, ಈ ಕೈಗೆ ಗೊತ್ತಿತ್ತು, ಈ ಕೈಯಲ್ಲೇ ಕ್ಯಾಮೆರಾ ಹಿಡಿದಳು, ಈ ಕೈಯಲ್ಲೇ ಸಂಸ್ಕೃತಿ ಎಂದು ಬರೆದಳು, ಮಂಗಳವಾರ, ಮತ್ತೊಂದು ಮಂಗಳವಾರ, ಆ ಹೆಂಗಸು ಬೇರೆ ಏನೂ ಹೇಳಬೇಕಾಗಿರಲಿಲ್ಲ, ಎಲ್ಲವನ್ನೂ ಸಾರಿಸಿದ ನೆಲದ ಮೇಲೆ ಜೋಡಿಸಿ ಇಟ್ಟು ಎದುರಿಗೆ ಕೂತಿರುತ್ತಿದ್ದಳು, ನೋಡಲು ಬಂದವಳು ನೋಡಲಿ ಎಂದು. ಹೊರಗೆ ಅಂಬಾದಾಸ ಕಾಗೆಯನ್ನು ಕರೆಯುತ್ತಿದ್ದಾನೆ, ಕಾವ್ ಕಾವ್, ಕಾಗೆ ಇನ್ನೂ ಬಂದಿಲ್ಲ, ಬರುವವರೆಗೆ ಏಳುವ ಹಾಗಿಲ್ಲ, ಬಸ್ಸು ಹೋಗಿರಬೇಕು. ತೊಡೆಯ ಮೇಲೆ ಹಾಳೆ, ಬುಡದಲ್ಲಿ ನೀಲಿ ಹೆಬ್ಬೆಟ್ಟು, ಪೆನ್ನಿನ ಮುಚ್ಚಳ ಯಾವಾಗ ತೆಗೆದಳೋ, ಕೊನೆಯ ಭೇಟಿಯಲ್ಲಿ ಕಂಡದ್ದು, ಬರೆ, ಮುಪ್ಪು, ಬರೆಯಲಾರೆ, ಅಶಕ್ತತೆ, ಯಾರದು, ಬರೆ, ತಟ್ಟೆ ಕಂಡೆ, ಎರಡು ರೊಟ್ಟಿ ಕಂಡೆ, ನೀರು ತುಂಬಿದ ಚೊಂಬು, ಮಡಿಸಿದ ಸೀರೆ, ಸೀರೆಯ ಮೇಲೆ — ಪೆನ್ನು ಮೊದಲ ಗೆರೆಯ ಮೇಲೆ ನಿಂತಿದೆ, ಮಸಿ ಚುಕ್ಕೆಯಾಗಿ ಅಗಲವಾಗುತ್ತಿದೆ — ಸೀರೆಯ ಮೇಲೆ ನಾಲ್ಕು ಬಳೆ, ಹಸಿರು, ಒಂದೂ ಒಡೆದಿಲ್ಲ, ನಾಲ್ಕು ಬಳೆ.